ಖಾಲಿಗೆ ಕೂಲಿ

ತೋಝರಿನ ಹಳೇ ಕೇರಿಯಲ್ಲಿ ಇಟ್ಟಿಗೆಗೆ ಒಂದೇ ಬಣ್ಣ,
ಹದವಾಗಿ ಬೆಂದ ರೊಟ್ಟಿಯ ಹಳದಿ.
ಮೇಲೆ ಸುಣ್ಣ ಬಳಿಯುವುದಿಲ್ಲ. ಚಿತ್ತಾರ ಬೇಕೆಂದರೆ
ಬಿಸಿಲನ್ನೇ ಕೇಳಬೇಕು.

ಒಂದನ್ನು ಬೆರಳಷ್ಟು ಮುಂದೆ ತಳ್ಳು,
ಪಕ್ಕದ್ದನ್ನು ಬಿಡು.
ಎರಡು ಇಡು, ಒಂದು ಬಿಡು.
ಲಝರ್ ಮೇಸ್ತ್ರಿ ಸಾರುವೆಯ ಮೇಲಿಂದ ಹೇಳುತ್ತಿದ್ದ,
ನಾನು ಕೆಳಗಿನಿಂದ ಎಸೆಯುತ್ತಿದ್ದೆ,
ನೋಡದೆಯೇ ಹಿಡಿಯುತ್ತಿದ್ದ.
ಇಡು ಅನ್ನುವುದು ಒಂದೇ ವಾರಕ್ಕೆ ಹತ್ತಿತು;
ಬಿಡು ಅನ್ನುವುದು ಕೈಗೆ ಹತ್ತಲು
ಎರಡು ವರ್ಷ.

ಬೇಸಗೆಯ ಕೊನೆಗೆ ಖರ್ಜೂರದ ಸಾಹುಕಾರ ಬಶೀರ್ ಬಂದ,
ಬಗಲಲ್ಲಿ ಲೆಕ್ಕದ ಪುಸ್ತಕ.
ಕತ್ತೆತ್ತಿ, ಬೆರಳು ಮಡಚಿ, ಸಾಲು ಸಾಲಾಗಿ ಎಣಿಸಿದ.
"ಇಟ್ಟಿಗೆಗೆ ಇಷ್ಟು ಅಂತ ಮಾತು.
ಇಷ್ಟೊಂದು ತೂತಿದೆಯಲ್ಲ ಮೇಸ್ತ್ರಿ,
ಖಾಲಿಗೂ ಕೂಲಿಯೇ?"

ಮೇಸ್ತ್ರಿ ಕೆಳಗಿಳಿಯಲಿಲ್ಲ. ಕರಣೆ ಒರೆಸುತ್ತ ಹೇಳಿದ:
"ಬೇಡವಾದರೆ ತುಂಬಿಸಿಕೊಡುತ್ತೇನೆ.
ಗೋಡೆ ನಿಮ್ಮದು.
ನೆರಳು ನಾನು ತಂದದ್ದು,
ಹೋಗುವಾಗ ಒಯ್ಯುತ್ತೇನೆ."

ಅಷ್ಟರಲ್ಲಿ ಸಾಹುಕಾರನ ತಾಯಿ ಮಬ್ರೂಕಾ,
ಮಗ್ಗದ ಮುಂದೆ ಬೆನ್ನು ಬಾಗಿಸಿಕೊಂಡವಳು,
ಪೊರೆ ಬಲಿತು ಹಗಲೆಲ್ಲ ಹಾಲಾದ ಕಣ್ಣಿನವಳು,
ಗೋಡೆ ಹಿಡಿದುಕೊಂಡು ಹೊರಗೆ ಬಂದಳು.
ಬಾಗಿಲ ಪಕ್ಕದ ಪಟ್ಟಿ. ಹಿಂದಿನ ಸಂಜೆ
ಮೊದಲ ಸಲ ನನ್ನ ಕೈಗೆ ಬಿಟ್ಟದ್ದು.
ಅವಳ ಬೆರಳು ನಡೆಯಿತು. ನಿಂತಿತು.
ಹಿಂದೆ ಸರಿದು ಮತ್ತೆ ನಡೆಯಿತು.
ತುಟಿಯಲ್ಲಿ ನೂಲಿನ ಲೆಕ್ಕ:
ಎರಡು, ಒಂದು, ಎರಡು, ಒಂದು.

"ಇಲ್ಲೊಂದು ತೂತು ಕಡಿಮೆ," ಅಂದಳು.
"ಒಂಟೆಗೆ ಕತ್ತೇ ಇಲ್ಲ."

ಬಶೀರ್ ಪುಸ್ತಕ ಮುಚ್ಚಿದ.
ಮೇಸ್ತ್ರಿ ನನ್ನ ಕಡೆ ನೋಡಲಿಲ್ಲ;
ಬೈದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.
ಗಾರೆ ಇನ್ನೂ ಹಸಿ. ಉಳಿಯ ಮೊನೆಯಲ್ಲಿ ಸುತ್ತ ಕೆರೆದು
ಹಾಲುಹಲ್ಲಿನಂತೆ ಅಲುಗಿಸಿ ಅಲುಗಿಸಿ ಕಿತ್ತೆ.
ಹತ್ತು ಗಂಟೆಯ ಬಿಸಿಲು ಓರೆಯಾಗಿ ಬಿತ್ತು,
ಗೂಡಿನೊಳಗೆ ಒಂದು ಚೂರು ಕಪ್ಪು ಬಂದು ಕೂತಿತು.
ಒಂಟೆ ಕತ್ತೆತ್ತಿತು.

ಕೂಲಿ ಎಲ್ಲಕ್ಕೂ ಬಂತು, ಬಿಟ್ಟದ್ದಕ್ಕೂ.
ಕಿತ್ತ ಒಂದರ ದುಡ್ಡನ್ನು ಮಾತ್ರ
ಮೇಸ್ತ್ರಿ ನನ್ನ ಪಾಲಿನಲ್ಲಿ ಹಿಡಿದುಕೊಂಡ,
ಇಟ್ಟಿಗೆ ಕೈಗಿಟ್ಟ.

ಈಗಲೂ ಇದೆ. ಮರಳುಗಾಳಿ ಎದ್ದು ಕದ ಬಡಿದುಕೊಂಡಾಗ
ಅಡ್ಡ ಇಡುತ್ತೇನೆ.
ಒಂದು ಮಗ್ಗುಲಲ್ಲಿ ಒಣಗಿದ ಗಾರೆ,
ಗಾರೆಯಲ್ಲಿ ನನ್ನ ಹೆಬ್ಬೆಟ್ಟು.