ಹೊನ್ನೆಯ ನೆತ್ತರು

ಕೋವಿ ಬಂದು ಎರಡು ತಲೆಮಾರು ಕಳೆದರೂ
ಮಂಡಗದ್ದೆಯ ಕಡೆ, ಶಿಕಾರಿಯವ ಹೊಂಚಿ ಕೂರುವ ಜಾಗಕ್ಕೆ
ಬಿಲ್ಲು ಅಂತಲೇ ಹೆಸರು.
ಆ ಬೆಳಗ್ಗೆ ಏಳು ಬಿಲ್ಲುಗಳಲ್ಲಿ
ಆರಕ್ಕೆ ಕೋವಿಗಳು ಕೂತಿದ್ದವು.
ಏಳನೆಯದಕ್ಕೆ ನಾನು, ನಿಜವಾದ ಬಿಲ್ಲು ಹಿಡಿದು.

ಬಗನಿಯ ಕರೀ ಸೀಳನ್ನು ಮಾವ ಕೆತ್ತಿ ಮಾಡಿದ ಬಿಲ್ಲು,
ಪುಂಡಿ ನಾರಿನ ಹೆದೆ, ಓಟೆಯ ಅಂಬು,
ಅದರ ಹಿಂದೆ ಮಂಗಟ್ಟೆಯ ಗರಿ ಮೂರು.
ಹತ್ತೊಂಬತ್ತು ವರ್ಷ ನನಗೆ.
ಬಸುರಿ ಅಕ್ಕ ಹುಚ್ಚಮ್ಮ
ಒಂದು ತುಂಡು ಕಡದ ಬಾಡು ಬಯಸಿದ್ದಳು.
ನಾ ತರ್ತೀನಿ ಅಂತ
ಕೇರಿಗೆಲ್ಲ ಕೇಳುವ ಹಾಗೆ ಹೇಳಿ ಬಂದಿದ್ದೆ.

ಸೋವಿನವರ ಕೂಗು ಹಳ್ಳದಾಚೆ ಎದ್ದಿತು.
ಕಡ ಅದಕ್ಕೂ ಮೊದಲೇ ಬಂದಿತ್ತು.
ಸದ್ದಿಲ್ಲ. ಮತ್ತಿಮರದ ನೆರಳೊಂದು
ಕಾಲು ಬಂದು ನಡೆದ ಹಾಗೆ.
ನಿಂತಿತು. ಹನ್ನೆರಡು ಮಾರು, ಹೆಚ್ಚಿಲ್ಲ.
ಒಂದು ಕಿವಿ ಕೂಗಿನ ಕಡೆ, ಒಂದು ನನ್ನ ಕಡೆ.

ಎಳೆದೆ. ಬಿಟ್ಟೆ.
ಎರಡರ ನಡುವೆ ಏನಾಯಿತೆಂದು
ಐವತ್ತೆಂಟು ವರ್ಷದಿಂದ ಹುಡುಕುತ್ತಿದ್ದೇನೆ.

ಹೆದೆ ಮುಂಗೈಯ ತೊಗಲು ಸುಲಿದಿತ್ತು.
ಕಡ ಇರಲಿಲ್ಲ. ಅದು ನಿಂತಿದ್ದಲ್ಲಿ
ಒಂದೇ ಒಂದು ಎಲೆ ಅಲ್ಲಾಡುತ್ತಿತ್ತು.

ಕೆರಿಯಣ್ಣ ಮಾವ ಬಂದ. ಬಯ್ಯಲಿಲ್ಲ.
ಬೈದಿದ್ದರೆ ಹಗುರಾಗುತ್ತಿತ್ತು.
"ಮೊದ್ಲು ಅಂಬು ಹುಡುಕು. ತಾಗ್ತೋ ತಪ್ತೋ
ಅದು ಹೇಳ್ತದೆ. ನಿನ್ನ ಬಾಯಿ ಹೇಳೋದಲ್ಲ."

ಮೊಣಕಾಲೂರಿ ತರಗೆಲೆ ಕೆದಕಿದೆವು.
ಸಿಕ್ಕಿದ್ದು ನೆಲದಲ್ಲಲ್ಲ, ಮರದಲ್ಲಿ, ಎದೆಯೆತ್ತರಕ್ಕೆ,
ಸುತ್ತ ಕೆಂಪಗೆ ಇಳಿಯುತ್ತಿತ್ತು.
"ನೆತ್ತರು ಮಾವಾ! ಮೈ ತೂರಿ ಬಂದು ಇಲ್ಲಿ ನಾಟಿದೆ!"
ಕುಣಿಯುವುದೊಂದು ಬಾಕಿ ನನಗೆ.
ಅವನು ಬೆರಳಿಗೆ ಹಚ್ಚಿಕೊಂಡ, ಮೂಸಿದ,
ನಾಲಿಗೆಗೆ ಮುಟ್ಟಿಸಿ, ನನಗೂ ನೀಡಿದ.
ಒಗರು. ಎಳೆ ಬಾಳೆಕಾಯಿಯ ಒಗರು.
"ಹೊನ್ನೆ" ಅಂದ. "ಹೊನ್ನೆಮರದ ಹಾಲು ಕೆಂಪಲ್ಲವೇನೋ."

ನಾನು ಅಲ್ಲೇ ಕುಸಿದು ಕೂತೆ.
ಅವನು ಅದೇ ಬೆರಳನ್ನು ಮರಕ್ಕೆ ಮತ್ತೊಮ್ಮೆ ಒತ್ತಿ
ನನ್ನ ಮುಂಗೈಯ ಹಸಿ ಗಾಯಕ್ಕೆ ಬಳಿದ. ಉರಿಯಿತು.
"ಸುಲಿದದ್ದಕ್ಕೆ ಇದೇ ಮದ್ದು. ಪುಗಸಟ್ಟೆ ಸಿಕ್ತು."

ಆದರೂ ಬಿಡಲಿಲ್ಲ. ಹೊತ್ತು ಕಂತುವವರೆಗೆ
ಗೊರಸಿನ ಜಾಡು ಹಿಡಿಸಿ ನಡೆಸಿದ.
ಒಂದು ಹನಿ, ಒಂದು ಕೂದಲು
ಇಲ್ಲ ಅಂತ ಖಾತ್ರಿಯಾಗಬೇಕು ಅವನಿಗೆ.
"ಪೂರಾ ತಪ್ಪಿದ್ರೆ ಚಿಂತಿಲ್ಲ.
ಅರ್ಧ ತಾಗಿದ್ರೆ ರಾತ್ರಿಯೆಲ್ಲ ಸಾಯ್ತದೆ ಅದು.
ನಾವು ಉಂಡು ಮಲಗೋದು ಹ್ಯಾಂಗೆ?"

ಅಕ್ಕ ಒಣಮೀನು ಸುಟ್ಟುಕೊಂಡು ಉಂಡಳು,
ನಕ್ಕಳು ಕೂಡ. ಹುಟ್ಟಿದ ಕೂಸಿಗೆ
ಆರು ತಿಂಗಳಲ್ಲೇ ಕಿವಿ ಸೋರತೊಡಗಿತು.
ಬಸುರಿಯ ಬಯಕೆ ತೀರದಿದ್ದರೆ ಹಾಗಂತೆ.
ಯಾರೂ ನನ್ನ ಕಡೆ ನೋಡಿ ಆಡಲಿಲ್ಲ.
ಕೂಸು ಅತ್ತಾಗಲೆಲ್ಲ ನಾನು
ಸೌದೆ ಒಡೆಯುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ.
ಆ ಮನೆಗೆ ಸೌದೆ ಎಂದೂ ಕಡಿಮೆಯಾಗಲಿಲ್ಲ.

ಆಮೇಲೆ ಕಾನೂನು ಬಂತು, ಕೋವಿಗಳು ಠಾಣೆ ಸೇರಿದವು.
ನನ್ನ ಬಿಲ್ಲು ಅಟ್ಟದಲ್ಲಿ ಹುಳ ಹಿಡಿಯಿತು.
ಆದರೂ ಕೆಲವು ರಾತ್ರಿ
ನಿದ್ದೆಯಲ್ಲಿ ಬಲಮೊಣಕೈ ಹಿಂದೆ ಸರಿಯುತ್ತದೆ,
ಪಕ್ಕೆಗೆ ತಿವಿಸಿಕೊಂಡ ಹೆಂಡತಿ ಗೊಣಗುತ್ತಾಳೆ:
"ಬಿಟ್ಟುಬಿಡಿ ಅತ್ಲಾಗಿ."
ಬಿಡುವುದೇ ತಾನೇ ಕಷ್ಟ. ಎಳೆಯುವುದು ಯಾರಿಗೂ ಬರುತ್ತದೆ.

ಹೋದ ಮಾಗಿಯಲ್ಲಿ ಅಕ್ಕನ ಮಗ ಹಾಲೇಶನ ಜೊತೆ ಹೋಗಿದ್ದೆ.
ಮರ ಇದೆ. ನಾಟಿದಲ್ಲಿ ಮುಷ್ಟಿಗಾತ್ರದ ಗಂಟು,
ಎದೆಯೆತ್ತರದಲ್ಲೇ. ನಾನೇ ಬಾಗಿದ್ದರಿಂದ
ಈಗ ಗದ್ದಕ್ಕೆ ಬರುತ್ತದೆ.
ಬೆನ್ನು ಕೊಟ್ಟು ಹನ್ನೆರಡು ಮಾರು ನಡೆದು, ತಿರುಗಿ ನಿಂತೆ.
ನಡುವೆ ಯಾರೂ ಇರಲಿಲ್ಲ.

"ಏನು ನೋಡ್ತಿದ್ದೀ ಮಾವಾ?" ಎಂದು ಕೂಗಿದ ಹಾಲೇಶ.
ಅವನಿಗೆ ಎಡಗಿವಿ ಮಂದ, ಎಲ್ಲವನ್ನೂ ಕೂಗಿಯೇ ಕೇಳುತ್ತಾನೆ.
"ಗುರಿ" ಎಂದೆ.
ಅವನಿಗೆ ಗರಿ ಎಂದು ಕೇಳಿತು.
ಬಗ್ಗಿ, ತರಗೆಲೆ ಸರಿಸಿ,
ಶ್ರದ್ಧೆಯಿಂದ ಹುಡುಕತೊಡಗಿದ.

ಸ್ವಲ್ಪ ಹೊತ್ತು ನೋಡಿದೆ.
ಆಮೇಲೆ ನಾನೂ ಮೊಣಕಾಲೂರಿದೆ.