ಮೊಣಕಾಲಿನ ಆಚೆ

ಈ ಸೀಮೆಯಲ್ಲಿ ಪ್ರತಿ ಕೆರೆಗೂ ಒಬ್ಬ ಒಡೆಯ,
ಒಂದು ಕಲ್ಲು, ಕಲ್ಲಿನ ಮೇಲೆ ಸೂರ್ಯ ಚಂದ್ರ,
ಕಟ್ಟಿಸಿದವನ ಹೆಸರು, ಕೆಡಿಸಿದವನಿಗೆ ಶಾಪ.
ತಾನೇಗೆರೆಗೆ ಅದಿಲ್ಲ.
ಏರಿ ಇಲ್ಲ, ತೂಬಿಲ್ಲ, ಕೋಡಿಯೂ ಇಲ್ಲ.
ಹಿರೇಕಲ್ಲು ಗುಡ್ಡದ ಬೆನ್ನಿಗೆ ಬಂಡೆಗಳ ಬೊಗಸೆ,
ಅಲ್ಲಿ ಬಿದ್ದ ನೀರು ಅಲ್ಲೇ ನಿಂತಿತು.
ತಾನೇ ನಿಂತಿದ್ದಕ್ಕೆ ತಾನೇಗೆರೆ.
ಇಷ್ಟೇ ಅದರ ಶಾಸನ.

ಮುಂಚೆ ಮೂರು ಸಲ ಬಂದಿದ್ದೆ.
ಮದುವೆಯ ಮಾರನೆಯ ದಿನ,
ಬಾಣಂತನ ಮುಗಿದ ಮೇಲೆ,
ಅತ್ತೆ ತೀರಿದ ಹನ್ನೊಂದನೇ ದಿನ.
ಮೂರು ಸಲವೂ ಅರಿಶಿನ, ಕುಂಕುಮ, ಎಲೆಯಡಿಕೆ,
ಮೂರು ಸಲವೂ ನೆರಿಗೆ ಎತ್ತಿ ಹಿಡಿದು
ಮೊಣಕಾಲಿನವರೆಗೆ.
ಗಂಗಮ್ಮ ತಾಯೀ ಅಂದೆ, ಕೈ ಮುಗಿದೆ, ಹಿಂದಕ್ಕೆ ಬಂದೆ,
ತಾಯಿ ಅನ್ನುತ್ತಲೇ ಮಡಿಲಿಗೆ ಹೆದರಿದ ಮಗು.

ಮುಟ್ಟು ನಿಂತ ವರ್ಷ.
ರಾತ್ರಿ ಎರಡಕ್ಕೆ ಎದ್ದು ಫ್ಯಾನಿನ ಕೆಳಗೆ ಕೂತಿರುತ್ತಿದ್ದೆ,
ಹಂಡೆಯ ಒಲೆಯನ್ನು ಯಾರೋ ಎದೆಯೊಳಗೆ ಹೂಡಿದ ಹಾಗೆ.
ಅರಸೀಕೆರೆಯಲ್ಲಿ ಇಪ್ಪತ್ತೆಂಟು ವರ್ಷದ ನರ್ಸು ನಾನು,
ಗುಳಿಗೆಯ ಹೆಸರೆಲ್ಲ ಗೊತ್ತು, ನುಂಗಲು ಮನಸ್ಸಿಲ್ಲ.
ಬಿಪಿ ನೋಡಿಸಲು ಬಂದ ಬೆಸ್ತರ ಸಣ್ಣಬೋರಮ್ಮ
ನನ್ನ ಬೆವರು ನೋಡಿ ಅಂದಳು:
"ಒಂದ್ಸಲ ನಮ್ ಕೆರೆಗ್ ಬನ್ನಿ ಸಿಸ್ಟರಮ್ಮ.
ಪೂಜೆಗಲ್ಲ. ಸುಮ್ಕೆ."

ಸುಮ್ಮನೆ ಹೋಗುವುದಕ್ಕೆ
ಏನೇನು ಕಟ್ಟಿಕೊಳ್ಳಬೇಕು?
ಮಗನ ಹಳೆಯ ಟ್ರ್ಯಾಕ್ ಪ್ಯಾಂಟು, ಮೇಲೆ ನೈಟಿ,
ಬ್ಯಾಗಿನ ತಳದಲ್ಲಿ, ಇರಲಿ ಎಂದು, ಅರಿಶಿನದ ಪೊಟ್ಟಣ.
ಬೆಳಗಿನ ಐದೂವರೆ. ಕುರಿಯವರೂ ಬಂದಿಲ್ಲ.
ಬೋರಮ್ಮ ನನ್ನ ಸೊಂಟಕ್ಕೆ ಹಳೇ ಸೀರೆ ಬಿಗಿದು
ಬೆನ್ನಿಗೆ ಎಣ್ಣೆಯ ಖಾಲಿ ಕ್ಯಾನು ಕಟ್ಟಿದಳು.
ಐವತ್ತೊಂದನೇ ವಯಸ್ಸಿನಲ್ಲಿ
ಬೆನ್ನಿಗೆ ಬಸುರಾದವಳಂತೆ ಇಳಿದೆ.

ಮೊಣಕಾಲು. ಅಲ್ಲಿಯವರೆಗೆ ದಾರಿ ಗೊತ್ತು.
ತೊಡೆ.
ನೈಟಿ ಉಬ್ಬಿ ತಾವರೆ ಎಲೆಯಾಯಿತು, ಬೋರಮ್ಮ ನಕ್ಕಳು.
ಸೊಂಟ. ಅಲ್ಲಿಂದ ನೀರೇ ಬೇರೆ, ಮೇಲೆ ಬೆಚ್ಚಗೆ,
ಪಾದಕ್ಕೆ ಗುಡ್ಡದೊಳಗಿನ ತಣ್ಣಗೆ.
ಯಾವುದೋ ಮೀನಿನ ಮರಿ ಹಿಮ್ಮಡಿಯ ಬಿರುಕನ್ನು
ಮುಟ್ಟಿ ನೋಡಿ ಹೋಯಿತು.

ಎಂಟು ದಿನ ನೀರು ಕುಡಿದೆ.
ಎಂಟು ದಿನವೂ ಅದೇ ಬೈಗುಳ:
"ನೀರ್ನ ಯಾಕ್ ಹಂಗ್ ಹಿಡ್ಕತೀರಿ?
ಅದೇನ್ ಹಗ್ಗವಾ?
ಕೈ ಬುಡಿ. ಕುತ್ಗೆ ಬುಡಿ. ಯೋಚ್ನೆನೂ ಬುಡಿ.
ನೀವ್ ಬುಟ್ ಮೇಲೆಯ ಅದು ಹಿಡ್ಕಳದು."

ಹೆರಿಗೆ ಕೋಣೆಯಲ್ಲಿ ನಾನೂ ಇದನ್ನೇ ಅಲ್ಲವೇ ಅಂದದ್ದು,
ಹಲ್ಲು ಕಚ್ಚಿದ ಹುಡುಗಿಯರಿಗೆ,
ಬಿಗಿ ಹಿಡೀಬೇಡ ಕಣೇ, ಬಿಡು, ಬಿಡು.
ಹೇಳುವುದು ಸುಲಭ.

ಒಂಬತ್ತನೆಯ ದಿನ ಕ್ಯಾನು ಬಿಚ್ಚಿದ್ದು ನನಗೆ ತಿಳಿಯಲಿಲ್ಲ.
ಮುಖದ ಮೇಲೆ ಆಕಾಶ, ಕಿವಿಯೆರಡೂ ನೀರೊಳಗೆ.
ಬೋರಮ್ಮನ ಮಾತು ದೂರದ ಮನೆಯ ರಾಗಿಕಲ್ಲಿನಂತೆ.
ಆಮೇಲೆ ಅದೂ ಇಲ್ಲ.
ಆಮೇಲೆ
ದುಡ್, ದುಡ್, ದುಡ್.

ಎಷ್ಟು ಹೊಟ್ಟೆಗಳ ಮೇಲೆ
ಆ ಸಣ್ಣ ತುತ್ತೂರಿಯಂಥ ಕೊಳವೆಯಿಟ್ಟು ಕಿವಿಗೊಟ್ಟಿದ್ದೆ,
ಗಡಿಯಾರ ನೋಡುತ್ತ ಎಣಿಸಿದ್ದೆ,
ಒಳಗೆ ನೀರಲ್ಲಿ ತೇಲುವುದರ ಎದೆಬಡಿತ.
ಈಗ ಒಳಗಿರುವವಳು ನಾನು.
ಎಣಿಸುತ್ತಿರುವುದು ಯಾರು?

ಕೇಳಲಿಲ್ಲ. ಹೆಸರು ಹಿಡಿದು ಕೂಗಲಿಲ್ಲ.
ಅಮ್ಮಾ ಎಂಬುದು ತುಟಿಗೆ ಬಂತು,
ಬಾಯಿ ತೆರೆದರೆ ನೀರು ಹೋಗುತ್ತದೆಂದು ಮುಚ್ಚಿಕೊಂಡೆ.
ಅದು ಒಳಗೇ ಉಳಿಯಿತು.
ಬಂಡೆಯ ಮೇಲೊಂದು ನೀರುಕಾಗೆ
ರೆಕ್ಕೆ ಬಿಚ್ಚಿ ಒಣಗಿಸುತ್ತ ಕೂತಿತ್ತು,
ನನ್ನನ್ನು ಒಂದು ದಿಮ್ಮಿಯೆಂದೇ ಬಗೆದು.
ಅಷ್ಟು ಮರ್ಯಾದೆ ನನಗೆ ಯಾರೂ ಕೊಟ್ಟಿರಲಿಲ್ಲ.

ಸೆಕೆ ಹೋಯಿತೆಂದು ಹೇಳಲಾರೆ.
ನಿನ್ನೆ ರಾತ್ರಿಯೂ ಎರಡಕ್ಕೆ ಎಚ್ಚರ.
ಎದ್ದು ಕೂರಲಿಲ್ಲ, ಅಂಗಾತ ಮಲಗಿ ಕೈ ಬಿಟ್ಟೆ.
ಹಾಸಿಗೆ ಹಿಡಿದುಕೊಂಡಿತು.

ಅರಿಶಿನದ ಪೊಟ್ಟಣ ಬ್ಯಾಗಿನಲ್ಲೇ ಒದ್ದೆಯಾಗಿ
ಟವೆಲ್ಲು, ಬಸ್ ಟಿಕೀಟು, ಊಟದ ಡಬ್ಬಿ ಎಲ್ಲ ಹಳದಿ.
ಇವತ್ತು ಹನ್ನೊಂದು ಗಂಟೆಗೆ, ಚುಚ್ಚುಮದ್ದಿನ ಸಾಲಿನ ನಡುವೆ
ತಲೆ ಬಾಗಿಸಿದಾಗ
ಬಲಗಿವಿಯಿಂದ ಬೆಚ್ಚಗೆ ಒಂದು ಹನಿ ಇಳಿದು
ಕತ್ತಿನ ತನಕ ಬಂತು.
ಒರೆಸಲಿಲ್ಲ.
"ಮುಂದಿನವರು ಬನ್ನಿ" ಅಂದೆ.