ಗುಂಡು ತಳ

ರಿಪ್ಪನ್‌ಪೇಟೆಯ ಡೇರೆ ಟಾಕೀಸು ಮುಚ್ಚಿದ ವರ್ಷ
ಬೆಂಚು ಒಬ್ಬರು ಒಯ್ದರು, ಪರದೆ ಇನ್ನೊಬ್ಬರು,
ಭತ್ತ ಹರವಲಿಕ್ಕೆ.
ನನ್ನ ಪಾಲಿಗೆ ಉಳಿದದ್ದು ಆರು ಬಕೀಟು,
ಮೈಯೆಲ್ಲ ಕೆಂಪು, ಬಿಳಿಯಲ್ಲಿ "ಬೆಂಕಿ" ಅಂತ ಬರಹ,
ಒಳಗೆ ಮರಳು, ಮರಳೊಳಗೆ
ಮೂವತ್ತು ವರ್ಷದ ಬೀಡಿ ತುಂಡು.

ನೆಲಕ್ಕಿಟ್ಟರೆ ನಿಲ್ಲುವುದಿಲ್ಲ, ತಳ ಗುಂಡಗೆ.
"ಕದ್ದವನಿಗೆ ಉಪಯೋಗಕ್ಕೆ ಬರಬಾರದು ಅಂತಲೇ
ಹಾಗೆ ಮಾಡಿದ್ದು" ಎಂದ ಗೇಟು ಕಾಯುತ್ತಿದ್ದ ಲೂಯಿಸ್.
"ನಿನಗೇನು ಉಪಯೋಗ ಮಾರಾಯ?"

ಬಗನಿ ಮರದಲ್ಲಿ ನಿಲ್ಲುವ ಕೆಲಸವಿಲ್ಲ.
ತೂಗಿದರೆ ಸಾಕು.

ಅಪ್ಪನ ಕಾಲದಿಂದ ಮಡಕೆ ಕಟ್ಟಿದೆವು. ಮಂಗ ಒಡೆಯಿತು.
ಬೇರೆ ತರೋಣವೆಂದರೆ ಕುಂಬಾರರ ಹುಡುಗ
ಚಕ್ರ ಬಿಟ್ಟು ಟೈರಿಗೆ ಪಂಕ್ಚರ್ ಹಾಕುತ್ತಾನೆ.
ಪ್ಲಾಸ್ಟಿಕ್ ಕ್ಯಾನು ಕಟ್ಟಿ ನೋಡಿದೆ,
ನೀರಾಕ್ಕೆ ಸೀಮೆಎಣ್ಣೆಯ ನಾತ.

ಹಯಾತ್ ಸಾಬರು ಬಕೀಟನ್ನು ಕಿವಿಗೆ ಹಿಡಿದು ತಟ್ಟಿದರು,
ಉಗುರಲ್ಲಿ ಬೆಸುಗೆ ಕೆರೆದರು, ಮೂಸಿದರು.
"ಹಳೇ ಬೆಸುಗೆ, ಸೀಸ ಇದೆ ಕೊಲ್ಲಪ್ಪ.
ಮರಳಿಗೆ ಅಡ್ಡಿಯಿಲ್ಲ, ಮಕ್ಕಳ ಬಾಯಿಗೆ ಬೇಡ."
ಕಾಸಿ, ಕಳಚಿ, ತವರದಲ್ಲಿ ಹೊಸದಾಗಿ ಬೆಸೆದು
ಒಳಗೆಲ್ಲ ಕಲಾಯಿ ಹಾಕಿಕೊಟ್ಟರು.
ಎರಡು ತುಕ್ಕಿಗೆ ತೂತು, ಅವು ಗುಜರಿಗೆ.
ನಾಲ್ಕರ ಕೆಂಪು ಅರ್ಧ ಸುಟ್ಟು ಹೋಯಿತು,
ಅಕ್ಷರ ಮಾತ್ರ ಹಾಗೇ ಉಳಿಯಿತು.

ಸುಣ್ಣ ಬಳಿದು ಕಟ್ಟಿ ಬಂದ ಮೊದಲ ರಾತ್ರಿ ನಿದ್ದೆಯಿಲ್ಲ.
ಮಡಕೆ ಎಂದೂ ಮಾತಾಡಿದ್ದಲ್ಲ.
ಇದು ಮಾತಾಡಿತು: ಟಿಣ್.
ಆಮೇಲೆ ಬಹಳ ಹೊತ್ತು ಏನಿಲ್ಲ.
ಟಿಣ್.
ಯಂಕಮ್ಮ ಕತ್ತಲಲ್ಲೇ ಎಣಿಸುತ್ತಿದ್ದಳು.
ನಡುರಾತ್ರಿ ದಾಟಿ ಸದ್ದು ದಪ್ಪವಾಯಿತು,
ಉಂಡೆದ್ದವರ ಮಾತಿನ ಹಾಗೆ.
"ನಾಲ್ಕು ಬೆರಳು" ಎಂದಳು.
ಬೆಳಿಗ್ಗೆ ಏಣಿ ಹತ್ತಿ ನೋಡಿದರೆ
ಐದು, ಮೇಲೊಂದು ಸತ್ತ ಜೇನುಹುಳ.

ಬಗನಿ ತುದಿಯಿಂದ ಹೂ ಬಿಡುತ್ತ ಕೆಳಗಿಳಿಯುತ್ತದೆ,
ಬುಡಕ್ಕೆ ಬಂದರೆ ಮುಗಿಯಿತು, ಒಣಗುತ್ತದೆ.
ಈ ಮರಕ್ಕೆ ಇನ್ನು ಮೂರೇ ಗೊನೆ.
ಕಿತ್ತುಕೊಳ್ಳುತ್ತಿದ್ದೇನೋ, ಬೀಳುವುದನ್ನು ಹಿಡಿಯುತ್ತಿದ್ದೇನೋ,
ಏಣಿಯ ಮೇಲೆ ನಿಂತು ಯೋಚಿಸುವ ವಿಷಯವಲ್ಲ.

ಭಾನುವಾರ ಲೂಯಿಸ್ ಚರ್ಚಿನಿಂದ ನೇರ ಇಲ್ಲಿಗೇ ಬಂದ.
ಕೊಪ್ಪರಿಗೆ ಒಲೆಯ ಮೇಲಿತ್ತು.
"ಬೆಂಕಿ" ಎಂದು ಬರೆದದ್ದನ್ನು ಎತ್ತಿ
ಬೆಂಕಿಯ ಮೇಲಿದ್ದುದಕ್ಕೆ ಸುರಿದೆ.
ಒಲೆ ಆರಲಿಲ್ಲ, ಉರಿಯಿತು.
"ಮೂವತ್ತು ವರ್ಷ ಮರಳು ಬದಲಿಸಿದೆ" ಎಂದ.
"ಒಂದೇ ಒಂದು ದಿನ ಒಂದು ಕಿಡಿ ಬೀಳಲಿಲ್ಲ."
ಹೆಮ್ಮೆಯೋ ಬೇಜಾರೋ, ತಿಳಿಯಲಿಲ್ಲ.

ಇಳಿಹೊತ್ತಿಗೆ ಜೋನಿ ಬೆಲ್ಲ ಇಳಿಸಿ
ಬಾಳೆಲೆಯ ಚೂರಿನಲ್ಲಿ ಕೊಟ್ಟಳು ಯಂಕಮ್ಮ.
ನೆಕ್ಕಿದ. ಕಣ್ಣು ಮುಚ್ಚಿದ.
ಹಲ್ಲಿನಡಿ ಏನೋ ಕರಕ್ಕೆಂದದ್ದು ನನಗೂ ಕೇಳಿಸಿತು.
ಎಷ್ಟು ತೊಳೆದರೂ ಅಂಚಿನ ಸುರುಳಿಯೊಳಗೆ ಉಳಿದಿದ್ದ
ಒಂದು ಮರಳಿನ ಕಣ.
ಉಗುಳಲಿಲ್ಲ ಅವನು.